ಕ್ಯಾಮೆರಾದ ಪರದೆಯಲ್ಲಿ ಮಾವ ಕಂಡ ಆಕಾಶ

"ಮಾವಾರ, ಅಲ್ಲಿ ನೋಡ್ರಿ, ಕೃತ್ತಿಕಾ ನಕ್ಷತ್ರ" ಅಂತ ನಾನು ಬೆರಳು ತೋರಿಸಿದೆ.

ಮಾವ ತಲೆ ಎತ್ತಿ, "ಹೂಂ, ಕಂಡ್ವು ಬಿಡವಾ" ಎಂದರು. ಅವರು ನೋಡುತ್ತಿದ್ದ ದಿಕ್ಕೇ ಬೇರೆ ಇತ್ತು...

ಕತ್ತಲಲ್ಲಿ ಗೊತ್ತಾಗಿರಲಿಕ್ಕಿಲ್ಲ ಅಂದುಕೊಂಡು ನಾನು ಟ್ರೈಪಾಡ್ ಬಿಚ್ಚತೊಡಗಿದೆ.

ಕಳೆದ ಜನವರಿಯ ಅಮಾವಾಸ್ಯೆ ಸಂಜೆ ಅದು. ಸಂತೆಕಲ್ಲೂರು ದಾಟಿ ಸ್ವಲ್ಪ ಒಳಗೆ, ತೆನೆ ಬಿಟ್ಟ ಬಿಳಿಜೋಳದ ಹೊಲ. ಸಿಂಧನೂರು ಕಡೆ ಹೋದರೆ ರೈಸ್ ಮಿಲ್ಲುಗಳ ಲೈಟಿಗೆ ಆಕಾಶವೇ ಬೆಳ್ಳಗೆ ಕಾಣುತ್ತದೆ. ಇಲ್ಲಿ ಮಾತ್ರ ಶುದ್ಧ ಕತ್ತಲು.

ನನಗೆ ಲಿಂಗಸುಗೂರಿನಲ್ಲಿ ಆಫೀಸ್ ಕೆಲಸ. ನಕ್ಷತ್ರಗಳ ಫೋಟೋ ತೆಗೆಯುವ ಹುಚ್ಚು ಮದುವೆಗೆ ಮೊದಲಿನಿಂದಲೂ ಇದೆ. ಗಂಡನಿಗೆ ರಾಯಚೂರಲ್ಲಿ ಡ್ಯೂಟಿ, ಬರುವುದು ಭಾನುವಾರ.

ಹಾಗಾಗಿ ಪ್ರತಿ ಅಮಾವಾಸ್ಯೆಗೂ ನನ್ನನ್ನು ಬೈಕ್ ಮೇಲೆ ಕರೆದುಕೊಂಡು ಹೋಗುತ್ತಿದ್ದವರು ಮಾವ. ಲಿಂಗಸುಗೂರು, ಮಸ್ಕಿ, ಸಿಂಧನೂರು ಲೈನಿನಲ್ಲಿ ಬಸ್ ಓಡಿಸಿ ರಿಟೈರ್ ಆದವರು.

ಅತ್ತೆಗೆ ಇದು ಸ್ವಲ್ಪವೂ ಇಷ್ಟವಿರಲಿಲ್ಲ. ಅಮಾಸಿ ದಿನ ಕತ್ತಲಾದ ಮೇಲೆ ಹೊಲಕ್ಕೆ ಹೋಗಬಾರದು ಅಂತ ಪ್ರತಿ ಸಲ ಬಾಗಿಲಲ್ಲಿ ತಡೆಯುತ್ತಿದ್ದರು. "ಬುದ್ಧನ್ನ ನಂಬಿದ ಮನ್ಯಾಗ ಎಂಥಾ ಅಮಾಸಿ ಬೇ" ಅಂತ ಮಾವ ನಕ್ಕು ಕಿಕ್ ಹೊಡೆಯುತ್ತಿದ್ದರು.

ಕ್ಯಾಮೆರಾದ ಕಣ್ಣು ಇಪ್ಪತ್ತು ಸೆಕೆಂಡು ತೆರೆದೇ ಇರುವಂತೆ ಎಕ್ಸ್‌ಪೋಷರ್ ಇಟ್ಟು ಒಂದು ಫೋಟೋ ತೆಗೆದೆ. ಅಷ್ಟು ಹೊತ್ತೂ, ಫೋಟೋ ಅಲುಗಾಡೀತೆಂದು, ಮಾವ ಉಸಿರು ಬಿಗಿಹಿಡಿದು ನಿಂತಿದ್ದರು. ಅದರ ಅಗತ್ಯವಿಲ್ಲ ಅಂತ ಎಷ್ಟು ಸಲ ಹೇಳಿದರೂ ಕೇಳುವವರಲ್ಲ.

ಪರದೆ ತೋರಿಸಿದೆ. ಅವರು ಚಷ್ಮಾ ತೆಗೆದು, ಕ್ಯಾಮೆರಾವನ್ನು ಮೂಗಿನ ಹತ್ತಿರ ಹಿಡಿದುಕೊಂಡರು.

"ಇಷ್ಟೊಂದು ಅದಾವೇನವಾ ಮ್ಯಾಲ?"

ಕ್ಯಾಮೆರಾಕ್ಕೆ ಒಂದಿಷ್ಟು ಜಾಸ್ತಿ ಕಾಣುತ್ತದೆ, ಆದರೆ ಬರಿಗಣ್ಣಿಗೂ ಸುಮಾರು ಕಾಣುತ್ತವಲ್ಲ ಅಂದೆ.

"ನನಗ ಹೊಗಿ ಕಂಡಂಗ ಕಾಣ್ತೈತಿ. ಭಾಳ ದಿನ ಆತು."

ಬರುವಾಗ ಅವರು ಒಂದು ಟ್ರ್ಯಾಕ್ಟರಿನ ಹಿಂದೆ, ಅದರ ಕೆಂಪು ಲೈಟನ್ನೇ ಹಿಡಿದು ನಿಧಾನ ಬಂದಿದ್ದರು. ವಯಸ್ಸಾಯಿತು, ಹುಷಾರಾಗಿ ಓಡಿಸುತ್ತಾರೆ ಅಂತ ನಾನು ಹಿಂದೆ ಆರಾಮಾಗಿ ಕೂತಿದ್ದೆ.

ಯಾಕೆ ಹೇಳಲಿಲ್ಲ ಅಂತ ಕೇಳಿದೆ.

"ಡ್ರೈವರ್ ಇದ್ದಾಂವ, ಕಣ್ಣು ಮಂದ ಆಗ್ಯಾವ ಅಂತ ಹೆಂಗ ಹೇಳ್ಲಿ? ಮತ್ತ ನಾ ಬರಲಿಲ್ಲಂದ್ರ ನಿನ್ನ ಯಾರು ಕರ್ಕೊಂಡು ಬರ್ತಾರ?" ಸ್ವಲ್ಪ ತಡೆದು, "ಮನ್ಯಾಗ ಹೇಳಬ್ಯಾಡ" ಎಂದರು.

ನಾನು ಕೈ ಚಾಚಿದೆ. ಅವರು ಬೈಕಿನ ಕೀಲಿ ಕೊಟ್ಟರು.

ನನಗೆ ಗೊತ್ತಿದ್ದದ್ದು ಸ್ಕೂಟಿ ಮಾತ್ರ. ಗೇರಿನ ಬೈಕು ಎರಡು ಸಲ ಆಫ್ ಆಯಿತು. ಹಿಂದಿನಿಂದ ಮಾವ, "ಕ್ಲಚ್ ಮೆಲ್ಲಕ ಬಿಡು... ಇಂಜಿನ್ ಏನ್ ಹೇಳಾಕತ್ತೈತಿ ಕೇಳು... ಈಗ ಹಾಕು ಗೇರು" ಅನ್ನುತ್ತಾ ಬಂದರು. ಕಣ್ಣಿಗೆ ಕಾಣದ ರಸ್ತೆಯ ತಿರುವೆಲ್ಲ ಅವರಿಗೆ ಬಾಯಿಪಾಠ.

ಮನೆ ಮುಟ್ಟಿದಾಗ ಅತ್ತೆ ಬಾಗಿಲಲ್ಲೇ ನಿಂತಿದ್ದರು. ಬೈಕಿನ ಮೇಲೆ ನಾನು ಮುಂದೆ, ಮಾವ ಹಿಂದೆ. ಅತ್ತೆ ಇಬ್ಬರನ್ನೂ ನೋಡಿ ಒಳಗೆ ಹೋದರು.

ಅಡುಗೆಮನೆಯಲ್ಲಿ ನಾನು ನೀರು ಕುಡಿಯುವಾಗ ಅತ್ತೆ ಮೆಲ್ಲಗೆ ಕೇಳಿದರು. "ಗೊತ್ತಾತೇನವಾ ನಿನಗ?"

ನಾನು ಅವರ ಮುಖ ನೋಡಿದೆ.

"ನನಗ ಯಾವಾಗೋ ಗೊತ್ತೈತಿ. ಕಣ್ಣಿನ ಮಾತು ತೆಗದ್ರ ಭಾಳ ನೊಂದ್ಕೋತಾರ. ಅಮಾಸಿ ಅಂದ್ರರ ಹೋಗೋದು ಬಿಡ್ತಾರೇನೋ ಅಂತ..."

ಇಷ್ಟು ದಿನ ಅವರದು ಮೂಢನಂಬಿಕೆ ಅಂತ ನಾನು ಒಳಗೊಳಗೇ ನಗುತ್ತಿದ್ದೆ. ಮರ್ಯಾದೆ ಕಳೆಯದೆ ಗಂಡನನ್ನು ಕಾಯುವುದಕ್ಕೆ ಆ ಜೀವ ಒಂದು ನೆಪ ಹುಡುಕಿಕೊಂಡಿತ್ತು.

ಭಾನುವಾರ ಮಗ ಬಂದಾಗ, ಊಟದ ನಡುವೆ, ನೀರು ಕೇಳುವಷ್ಟೇ ಸಲೀಸಾಗಿ ಮಾವನೇ ಹೇಳಿದರು. "ಕಣ್ಣಿಗೆ ಪೊರಿ ಬಂದಂಗೈತಿ, ತೋರಿಸ್ಬೇಕಲೇ." ಅತ್ತೆ ತಲೆ ಎತ್ತದೆ ಅವರ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದರು.

ಒಂದು ಕಣ್ಣಿನ ಆಪರೇಷನ್ ಆಯಿತು. ಡಾಕ್ಟರು ಹೊರಗೆ ಓಡಾಡಬಹುದು ಎಂದ ಮೇಲೆ ಮತ್ತೆ ಅದೇ ಹೊಲಕ್ಕೆ ಹೋದೆವು. ಈ ಸಲ ಗಂಡನ ಗೆಳೆಯನ ಕಾರು. ಅತ್ತೆಯೂ ಬಂದರು, ಮೊದಲ ಸಲ.

ಜೋಳ ಕಟಾವಾಗಿ ಹೊಲ ಬಯಲಾಗಿತ್ತು. ಇಬ್ಬರನ್ನೂ ಒಣ ದಂಟಿನ ಕಣಿಕೆ ಬಣವಿಗೆ ಒರಗಿಸಿ ಕೂರಿಸಿದೆ. ಅಲುಗಾಡಬೇಡಿ ಅಂತ ಹೇಳಿ ಬಟನ್ ಒತ್ತಿದೆ.

ಯಾವಾಗಲೂ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದ ಮಾವ ಅವತ್ತು ಒಂದು ಕ್ಷಣವೂ ಸುಮ್ಮನೆ ಕೂರಲಿಲ್ಲ. "ಅಲ್ನೋಡು... ಇಲ್ನೋಡು, ಇದರ ಮಗ್ಗಲಕ" ಅಂತ ಅತ್ತೆಗೆ ತೋರಿಸಿದ್ದೇ ತೋರಿಸಿದ್ದು. ಅತ್ತೆಯ ತಲೆ ಅವರ ಕೈ ಹೋದ ಕಡೆಗೆಲ್ಲ ತಿರುಗುತ್ತಿತ್ತು.

ಫೋಟೋದಲ್ಲಿ ನಕ್ಷತ್ರಗಳು ಸೂಜಿಮೊನೆಯಷ್ಟು ಶಾರ್ಪ್ ಬಂದಿವೆ. ಕೆಳಗೆ ಅವರಿಬ್ಬರೂ ಅಲುಗಾಡಿ, ಒಬ್ಬರಲ್ಲಿ ಒಬ್ಬರು ಕಲಸಿಹೋಗಿದ್ದಾರೆ. ಯಾರ ಭುಜ ಎಲ್ಲಿ ಮುಗಿಯಿತು ಅಂತಲೇ ಗೊತ್ತಾಗುವುದಿಲ್ಲ.

ಟೆಕ್ನಿಕಲಿ ಪೂರ್ತಿ ಕೆಟ್ಟ ಫೋಟೋ. ನೀವಾಗಿದ್ದರೆ ಡಿಲೀಟ್ ಮಾಡುತ್ತಿದ್ದಿರಾ?