ಹೆಸರು ಕೊರೆಸಿದ ಪಾತೇಲಿ

ನಮ್ಮ ಕಮಲಾಪುರದ ಹಿರಿಯರ ಸಮಿತಿಗೆ ನನ್ನನ್ನು ಸೇರಿಸಿಕೊಂಡದ್ದು ಎರಡು ಕಾರಣಕ್ಕೆ. ಮೂವತ್ತು ವರ್ಷ ಶಾಲೆಯಲ್ಲಿ ಕರಿಹಲಗೆಯ ಮೇಲೆ ಬರೆದು ಬರೆದು ನನ್ನ ಅಕ್ಷರ ದುಂಡಗಾಗಿದೆ. ಮೇಲಾಗಿ ಫೋಟೋದಲ್ಲಿ ಒಬ್ಬ ಹೆಣ್ಣುಮಗಳಿದ್ದರೆ ಚೆಂದ ಕಾಣುತ್ತದೆ. ಠರಾವು ಮಾಡುವುದು ಗಂಡಸರ ಕೆಲಸ, ಅದನ್ನು ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ. ಹೀಗೆ ನಾಲ್ಕು ವರ್ಷದಿಂದ ಒಂದು ಮಾತೂ ಆಡದೆ ಸಮಿತಿಯ ಎಲ್ಲ ಮಾತನ್ನೂ ನಾನೇ ಬರೆದಿದ್ದೇನೆ.

ಸಮಿತಿಗೆ ಒಂದು ಭವನವಿದೆ. ಲಗ್ನ, ಸೀಮಂತ, ನಿವೃತ್ತಿಯ ಸನ್ಮಾನ ಎಲ್ಲ ಅಲ್ಲೇ. ಅಲ್ಲಿ ಹೆಸರಿಲ್ಲದ ವಸ್ತು ಹುಡುಕಿದರೂ ಸಿಗುವುದಿಲ್ಲ. ಪಂಖದ ರೆಕ್ಕೆಗಳ ಮೇಲೂ ಕೊಟ್ಟವರ ಹೆಸರು. ತಿರುಗಿದರೆ ಓದಲಾಗದೆಂದು ದಾನಿಗಳು ಬಂದ ದಿನ ನಮ್ಮ ಅಧ್ಯಕ್ಷರು ಪಂಖ ನಿಲ್ಲಿಸಿ ಎಲ್ಲರನ್ನೂ ಬೆವರಿಸುತ್ತಾರೆ. ಪಾತ್ರೆಗಳ ಸುದ್ದಿಯಂತೂ ಕೇಳಲೇಬೇಡಿ, ಸೌಟಿನಿಂದ ಹಿಡಿದು ಕೊಳಗದವರೆಗೆ ಎಲ್ಲದರ ಮೇಲೂ 'ಇಂಥವರ ಸ್ಮರಣಾರ್ಥ' ಎಂದು ಕೊರೆಸಲಾಗಿದೆ. ಎಲ್ಲಕ್ಕಿಂತ ದೊಡ್ಡದು ಒಂದು ಹಿತ್ತಾಳೆಯ ಪಾತೇಲಿ. ಇಡೀ ಲಗ್ನಕ್ಕಾಗುವಷ್ಟು ಗೋಧಿ ಹುಗ್ಗಿ ಅದೊಂದರಲ್ಲೇ ಬೇಯುತ್ತದೆ. ಅದರ ಕಂಠದ ಮೇಲೆ ಇರುವುದು ನಮ್ಮ ಅತ್ತೆಯ ಹೆಸರು. ಅವರು ತೀರಿಕೊಂಡ ಮೇಲೆ ನಮ್ಮ ಮನೆಯವರು ಕೊಟ್ಟದ್ದು.

ಅಧ್ಯಕ್ಷರು ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟವರು. ಕಳೆದ ವರ್ಷ ಅಲ್ಲಿನ ಯಾವುದೋ ಸಮಾರಂಭದಲ್ಲಿ ಬೇರೆ ಊರಿನ ಸಮಿತಿಯೊಂದು 'ಎಲ್ಲರನ್ನೂ ಒಳಗೊಳ್ಳುವ ಠರಾವು' ಮಾಡಿದ್ದಕ್ಕೆ ಗಾಜಿನ ಫಲಕ ಪಡೆಯುವುದನ್ನು ನೋಡಿದರು. ಬಸ್ಸಿನಲ್ಲಿ ಊರು ಮುಟ್ಟುವವರೆಗೂ ಅವರ ಕಣ್ಣ ಮುಂದೆ ಅದೇ ಫಲಕ. ಇಳಿದವರೇ ಸಭೆ ಕರೆದರು.

ತಟ್ಟೆಯಲ್ಲಿ ಕೆಂಪು ಬಾಳೆಹಣ್ಣು ಬಂದವು. ಜಾತಿ, ಧರ್ಮ, ಹೆಣ್ಣು, ಗಂಡು ಯಾವ ಭೇದವೂ ಇಲ್ಲದೆ ಈ ಭವನ ಊರಿನ ಎಲ್ಲರದು ಎಂದು ನಾನು ಬರೆದೆ. ಚರ್ಚೆ ಎರಡು ತಾಸು ನಡೆಯಿತು, ಆದರೆ ಭೇದದ ಬಗ್ಗೆ ಅಲ್ಲ. ಠರಾವನ್ನು ಕಲ್ಲಿನಲ್ಲಿ ಕೆತ್ತಿಸಿದರೆ ಕೆಳಗೆ ಯಾರ ಹೆಸರು ಮೊದಲು ಬರಬೇಕೆಂಬುದರ ಬಗ್ಗೆ. ವಯಸ್ಸಿನ ಪ್ರಕಾರ ಹಾಕೋಣ ಅಂದಾಗ, ವಾರಕ್ಕೊಮ್ಮೆ ಕೂದಲಿಗೆ ಬಣ್ಣ ಹಚ್ಚುವ ಇಬ್ಬರು ತಾನೇ ಹಿರಿಯ, ತಾನೇ ಹಿರಿಯ ಎಂದು ಜಗಳಕ್ಕೆ ನಿಂತರು. ಅಂತೂ ಠರಾವು ಪಾಸಾಯಿತು.

ಚಪ್ಪಾಳೆ ಬೀಳುವಾಗ ಬಾಳೆಹಣ್ಣಿನ ಸಿಪ್ಪೆ ಒಯ್ಯಲು ಬಂದಿದ್ದ ಹೆಂಗಸು ಬಾಗಿಲಲ್ಲೇ ನಿಂತಳು. ಭವನ ಕಟ್ಟಿದಂದಿನಿಂದ ಅಲ್ಲಿ ಕಸ ಗುಡಿಸಿ ಪಾತ್ರೆ ತೊಳೆಯುವವಳು, ಕೆಳಗಿನ ಓಣಿಯವಳು. ನನಗಿಂತ ಎರಡು ವರ್ಷ ದೊಡ್ಡವಳು. ಆದರೂ ಆಕೆಗೆ ನಾನು 'ನೀ' ಅನ್ನುತ್ತೇನೆ, ಟೀಚರಮ್ಮನೆಂಬ ಮರ್ಯಾದೆಗೆ ಆಕೆ ನನ್ನನ್ನು 'ಅಕ್ಕೋರ' ಎಂದು ಕರೆಯುತ್ತಾಳೆ.

"ಹಂಗಿದ್ರ ನನ್ನ ಸಣ್ಣ ಮಗಳ ಲಗ್ನ ಇಲ್ಲೇ ಮಾಡ್ಲೇನ್ರಿ?" ಎಂದು ಕೇಳಿದಳು. "ಹುಗ್ಗಿಗೆ ಆ ದೊಡ್ಡ ಪಾತೇಲಿ ಕೊಟ್ರ ಸಾಕ್ರಿ. ಅದರ ತಳ ದಪ್ಪ ಅದ, ಹತ್ತಂಗಿಲ್ಲ."

ಆ ಪಾತೇಲಿಯ ತಳ ದಪ್ಪ ಎಂಬುದು ದಾನ ಕೊಟ್ಟ ನಮಗೇ ಗೊತ್ತಿರಲಿಲ್ಲ.

ಜಾತಿಯ ಮಾತನ್ನು ಯಾರೂ ಎತ್ತಲಿಲ್ಲ. ಎತ್ತಿದರೆ ಕಾನೂನಿದೆ, ಅದು ಎಲ್ಲರಿಗೂ ಗೊತ್ತು. ಹಾಗಾಗಿ ಪಾತ್ರೆಯ ಮಾತೆತ್ತಿದರು. ಒಬ್ಬರಿಗೆ ಪಾತೇಲಿಯ ಕಲಾಯಿ ಹೋದೀತೆಂಬ ಚಿಂತೆ, ಇನ್ನೊಬ್ಬರಿಗೆ ತಗ್ಗು ಬಿದ್ದೀತೆಂಬ ಚಿಂತೆ. ಕೊನೆಗೆ ದಾರಿ ತೋರಿಸಿದವರು ಸಮಿತಿಯಲ್ಲಿದ್ದ ನಿವೃತ್ತ ಗುಮಾಸ್ತರು. ಇಲ್ಲ ಎಂಬ ಮಾತು ಬಾಯಲ್ಲಿ ಬರದಂತೆ ಜನರನ್ನು ಬರಿಗೈಯಲ್ಲಿ ಮರಳಿ ಕಳಿಸಿದ ಜೀವಮಾನದ ಅನುಭವ ಅವರದು.

"ಭವನ ಸಮಿತೀದು, ಅದು ಎಲ್ಲಾರಿಗೂ ಅದ," ಅಂದರು. "ಪಾತ್ರಿ ಮಾತ್ರ ಹೆಸರಿನವರದು. ಅವರು ಸಹಿ ಮಾಡಿದ್ರ ಯಾರು ಬೇಕಾದ್ರೂ ಮುಟ್ಟಲಿ."

ಎರಡನೆಯ ಠರಾವೂ ಸರ್ವಾನುಮತದಿಂದ ಪಾಸಾಯಿತು. ದಾನಿಗಳ ಸಹಿ ಇಲ್ಲದೆ ಸದಸ್ಯರಲ್ಲದವರು ಪಾತ್ರೆಗಳನ್ನು ಮುಟ್ಟತಕ್ಕದ್ದಲ್ಲ. ಪಾತ್ರೆಗಳನ್ನು ಬಿಡಿಬಿಡಿಯಾಗಿ ಕೊಡುವ ಪದ್ಧತಿ ಇಲ್ಲವಾದ್ದರಿಂದ ಎಲ್ಲ ದಾನಿಗಳ ಸಹಿಯೂ ಬೇಕು. ಇದನ್ನೂ ನಾನೇ ದುಂಡಗೆ ಬರೆದೆ. ಬರೆಯುವಾಗ ಒಂದಕ್ಷರವೂ ಚಿತ್ತಾಗಲಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ದಾನಿಗಳಲ್ಲಿ ಬಹಳ ಜನ ಈಗ ಕಲಬುರಗಿಯಲ್ಲಿದ್ದಾರೆ. ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ಶರಣಬಸವೇಶ್ವರ ಗುಡಿಯ ಹಿಂದೆ ಮನೆ ಮಾಡಿರುವ ಸೌಟಿನ ದಾನಿ ಒಂದು ತಾಸು ಸಮಾನತೆಯ ಬಗ್ಗೆ ಮಾತಾಡಿ, ಚಹಾ ಕುಡಿಸಿ, ಕನ್ನಡಕ ಸಿಗುತ್ತಿಲ್ಲವೆಂದು ಸಹಿಯನ್ನು ಮುಂದೂಡಿದರು. ಕನ್ನಡಕ ಹಣೆಯ ಮೇಲೇ ಇತ್ತು. ತಟ್ಟೆಗಳ ದಾನಿ ವಾಟ್ಸಾಪ್‌ನಲ್ಲಿ ಕೈಮುಗಿದ ಚಿತ್ರ ಕಳಿಸಿದರು. ಅದು ಒಪ್ಪಿಗೆಯೋ, ನನ್ನನ್ನು ಬಿಟ್ಟುಬಿಡಿ ಎಂಬ ಪ್ರಾರ್ಥನೆಯೋ ಸಮಿತಿಗೆ ಇಂದಿಗೂ ತಿಳಿದಿಲ್ಲ. ಪಂಖಗಳನ್ನು ಕೊಟ್ಟವರು ಸೂಪರ್ ಮಾರ್ಕೆಟ್‌ನ ಗಲ್ಲಿಯಲ್ಲಿ ಕಿರಾಣಿ ಅಂಗಡಿ ಇಟ್ಟಿರುವ ಮುಸ್ಲಿಂ ವ್ಯಾಪಾರಿ. ಪಂಖ ಪಾತ್ರೆಯಲ್ಲದಿದ್ದರೂ ಹೆಸರಿದೆಯಲ್ಲ ಎಂದು ಗುಮಾಸ್ತರು ಅವರನ್ನೂ ಪಟ್ಟಿಗೆ ಸೇರಿಸಿದ್ದರು.

"ಹವಾಕ್ಕೂ ಇಜಾಜತ್ ಬೇಕೇನ್ರಿ ಮೇಡಂ?" ಎಂದು ಅವರು ತೂಗುತ್ತಿದ್ದ ತೊಗರಿಬೇಳೆಯನ್ನು ಅಲ್ಲಿಗೇ ಬಿಟ್ಟು ಸಹಿ ಹಾಕಿದರು. ಇಡೀ ಪುಸ್ತಕದಲ್ಲಿ ನನಗೆ ಸಿಕ್ಕಿದ್ದು ಅದೊಂದೇ ಸಹಿ.

ಉಳಿದವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ. ದೊಡ್ಡ ಪಾತೇಲಿಯವರು ಸಹಿ ಮಾಡಿದ್ದಾರೆಯೇ? ಅವರು ಮಾಡಿದರೆ ತಮ್ಮದೇನೂ ಅಡ್ಡಿಯಿಲ್ಲ.

ದೊಡ್ಡ ಪಾತೇಲಿಯವರು ನಮ್ಮ ಮನೆಯ ಪಡಸಾಲೆಯಲ್ಲಿ ಪೇಪರ್ ಓದುತ್ತ ಕೂತಿದ್ದರು. ಪುಸ್ತಕ ಮುಂದಿಟ್ಟೆ. ಅವರಿಗೂ ವೈಯಕ್ತಿಕವಾಗಿ ಅಭ್ಯಂತರವಿರಲಿಲ್ಲವಂತೆ. ನಮ್ಮೂರಲ್ಲಿ ಯಾರಿಗೂ ವೈಯಕ್ತಿಕವಾಗಿ ಅಭ್ಯಂತರವಿಲ್ಲ.

"ಅವ್ವ ಇದ್ದಿದ್ರ ಒಪ್ತಿದ್ಲೇನು, ನೀನೇ ಹೇಳು," ಅಂದರು. "ಮೊದ್ಲ ಉಳದವರು ಮಾಡಲಿ, ಆಮ್ಯಾಲ ನೋಡೂಣು."

ಎಲ್ಲರೂ ಸಮಾನರೆಂದು ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ಬಾಯಿ ಅಂದು ತೆರೆಯಲಿಲ್ಲ. ಮನೆಯಲ್ಲಿ ಜಗಳ ಯಾಕೆ ಅಂದುಕೊಂಡೆ. ಜಗಳ ಮಾಡಬೇಕಿತ್ತು. ಆ ನಾಚಿಕೆ ನನಗೆ ಇನ್ನೂ ಹೋಗಿಲ್ಲ.

ಲಗ್ನ ಭವನದಲ್ಲೇ ಆಯಿತು. ಅಡುಗೆಗೆ ಆಕೆ ಮಹಾಗಾಂವದಿಂದ ಬಾಡಿಗೆಯ ತೆಳು ಪಾತ್ರೆಗಳನ್ನು ಟೆಂಪೋದಲ್ಲಿ ತರಿಸಿದಳು. ಸಮಿತಿಯವರೆಲ್ಲ ಬಂದರು. ಮದುಮಕ್ಕಳ ತಲೆಯ ಮೇಲೆ 'ಎಲ್ಲರೂ ನಮ್ಮವರು' ಎಂಬ ಬ್ಯಾನರ್ ಹಿಡಿದು ಫೋಟೋ ತೆಗೆಸಿಕೊಂಡರು. ಊಟಕ್ಕೆ ಕರೆದಾಗ ಮಾತ್ರ ಒಬ್ಬರಿಗೆ ಸಕ್ಕರೆ ಕಾಯಿಲೆ, ಒಬ್ಬರಿಗೆ ಹೊಟ್ಟೆನೋವು, ಉಳಿದವರಿಗೆಲ್ಲ ಉಪವಾಸ. ಅಷ್ಟು ಉಪವಾಸವನ್ನು ನಮ್ಮೂರು ಶಿವರಾತ್ರಿಗೂ ಕಂಡಿಲ್ಲ. ನಾನು ಕೂತು ಉಂಡೆ. ಹುಗ್ಗಿ ತಳ ಹತ್ತಿತ್ತು. ಬಡಿಸುತ್ತ ಆಕೆಯೇ ಅದನ್ನು ಹೇಳಿ, ನಾಲ್ಕು ಮಂದಿ ಉಣ್ಣುವ ದಿನವೇ ಹೀಗಾಯಿತೆಂದು ನೊಂದುಕೊಂಡಳು.

ಠರಾವು, ಫೋಟೋ ಎರಡನ್ನೂ ಕಳಿಸಿದ ಹದಿನೈದು ದಿನಕ್ಕೆ ಕಲಬುರಗಿಯಿಂದ ಗಾಜಿನ ಫಲಕ ಬಂತು. ಆ ಖುಷಿಗೆ ಸಮಿತಿ ಊಟ ಹಾಕಿಸಿತು. ಎರಡನೆಯ ಠರಾವಿನ ನಂತರ ಭವನದ ಪಾತ್ರೆಗಳು ಒಲೆಯೇರಿದ್ದು ಅಂದೇ ಮೊದಲು, ದೊಡ್ಡ ಪಾತೇಲಿಯಲ್ಲಿ ಹುಗ್ಗಿ. ಅಂದು ಯಾರಿಗೂ ಸಕ್ಕರೆ ಕಾಯಿಲೆ ಇರಲಿಲ್ಲ.

ಮರುದಿನ ಬೆಳಿಗ್ಗೆ ನಾವು ಕೆಲವರು ಊಟದಲ್ಲಿ ಉಳಿದ ಬಾಳೆಹಣ್ಣು ಹಂಚಿಕೊಳ್ಳಲು ಭವನದಲ್ಲಿ ಸೇರಿದ್ದೆವು. ನಳದ ಹತ್ತಿರ ಮುಸುರೆ ಪಾತ್ರೆಗಳು ಗುಡ್ಡೆ ಬಿದ್ದಿದ್ದವು. ಆಕೆ ಎಂದಿನಂತೆ ಅಂಗಳ ಗುಡಿಸಿ, ಕಸ ಎತ್ತಿ, ಕೈಕಾಲು ತೊಳೆದುಕೊಂಡಳು. ಪಾತ್ರೆಗಳ ಕಡೆ ಹೋಗಲಿಲ್ಲ. ಗುಮಾಸ್ತರು ಯಾಕೆಂದು ಕೇಳಿದಾಗ ನನ್ನತ್ತ ತಿರುಗಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

"ಅಕ್ಕೋರ, ಹೆಸರಿನವರ ಸಹಿ ಇಲ್ಲದ ಮುಟ್ಟಬಾರ್ದಂತ ನೀವೇ ಬರ್ದೀರಲ್ರೀ. ಸಹಿ ತಂದ್ ಕೊಡ್ರಿ, ತೊಳೀತೀನಿ."

ಗುಮಾಸ್ತರು ಪುಸ್ತಕ ತೆರೆದು ಓದಿದರು, ಕನ್ನಡಕ ಒರೆಸಿ ಮತ್ತೊಮ್ಮೆ ಓದಿದರು. ಸದಸ್ಯರಲ್ಲದವರು ಎಂದು ನನ್ನ ದುಂಡಗಿನ ಅಕ್ಷರದಲ್ಲಿ ಸ್ಪಷ್ಟವಾಗಿತ್ತು. ತಿದ್ದಬೇಕಾದರೆ ಸಭೆ ಕರೆಯಬೇಕು, ಸಭೆಗೆ ಮೊದಲೇ ನೋಟಿಸು ಕೊಡಬೇಕು. ಮುಸುರೆ ಅಲ್ಲಿಯವರೆಗೆ ಕಾಯುವುದಿಲ್ಲ. ಸದಸ್ಯರು ಫೋನು ಬಂತೆಂದು ಒಬ್ಬೊಬ್ಬರಾಗಿ ಹೊರಟುಹೋದರು.

ನಾನು ಸೆರಗು ಸಿಗಿಸಿ ನಳದ ಮುಂದೆ ಕೂತೆ. ಹುಣಸೆಹಣ್ಣು, ಬೂದಿ ಹಚ್ಚಿ ಅತ್ತೆಯ ಪಾತೇಲಿಯನ್ನು ತಿಕ್ಕಿದೆ. ಕೊರೆದ ಹೆಸರಿನೊಳಗೆ ಮಸಿ ತುಂಬಿ ಒಂದಕ್ಷರವೂ ಕಾಣುತ್ತಿರಲಿಲ್ಲ. ಕಸಬರಿಗೆಯ ಕಡ್ಡಿ ಮುರಿದುಕೊಂಡು ಒಂದೊಂದೇ ಗೆರೆಯ ಮಸಿ ತೆಗೆಯುವಷ್ಟರಲ್ಲಿ ಮಧ್ಯಾಹ್ನವಾಯಿತು, ಉಗುರು ಉರಿಯತೊಡಗಿತು. ಇಷ್ಟು ವರ್ಷ ನಮ್ಮ ಅತ್ತೆಯ ಹೆಸರು ಊರಿಗೆ ಕಾಣುವಂತೆ ಇಟ್ಟವಳು ಯಾರೆಂದು ನನಗೆ ಆಗ ತಿಳಿಯಿತು.

ಆಕೆ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದಳು.

"ಕಡೀ ಅಕ್ಷರದಾಗ ಇನ್ನಾ ಮಸಿ ಅದ ನೋಡ್ರಿ," ಅಂದಳು.

ನಾನು ಮತ್ತೆ ಕಡ್ಡಿ ಹಿಡಿದೆ.