ದೀವಿಹಲಸಿನ ಬುಡದಲ್ಲಿ ಹೂತದ್ದು

ಹಣ ಹೂಡಿ ಪೌರತ್ವ, ಪಾಸ್‌ಪೋರ್ಟ್ ಪಡೆಯುವ ಮೊದಲು ದೇಶ ಹೇಗಿದೆಯೆಂದು ನೋಡಿಹೋಗಲು ಬರುವವರನ್ನು ವ್ಯಾನಿನಲ್ಲಿ ಸುತ್ತಾಡಿಸುವುದು ದ್ವೀಪದೇಶ ಡೊಮಿನಿಕಾದ ವರ್ಲಿನಾ ಲಾರೋಂಡಳ ಕಸುಬು. ಹನ್ನೊಂದು ವರ್ಷವಾಯಿತು. ಬೆಳಿಗ್ಗೆ ಹೊರಟಳೆಂದರೆ ಅಂಗಡಿಯ ಫೆಲಿಕ್ಸ್, "ಇವತ್ತು ಯಾವ ದೇಶದ ನಮ್ಮೂರೋನು ತಾಯೀ?" ಎಂದು ಕಿಚಾಯಿಸುತ್ತಾನೆ. ಮೊದಮೊದಲು ನಗುತ್ತಿದ್ದಳು. ಈಗ ನಗುವೂ ಇಲ್ಲ, ಸಿಟ್ಟೂ ಇಲ್ಲ.

ಅವತ್ತು ಬಂದವನು ವಾಲ್ಟರ್ ಎಂಬ ಜರ್ಮನ್ ಮುದುಕ. ಪಾಪ, ಒಳ್ಳೆಯವನೇ. ಕೊಟ್ಟ ಉಪ್ಪುಮೀನನ್ನು ಚಪ್ಪರಿಸಿ ತಿಂದ. ಆದರೆ ಅವನು ನೋಡಬೇಕಾಗಿದ್ದ ಜಾಗ ವರ್ಲಿನಾಳ ತವರಿನದೇ. ಕಾಗದಪತ್ರವೆಲ್ಲ ಇಂಗ್ಲೆಂಡಿನಲ್ಲಿದ್ದ ಅಣ್ಣನ ಹೆಸರಿಗಿತ್ತು. ಆ ಮಹಾರಾಯ ಮಾರಲು ತುದಿಗಾಲಲ್ಲಿ ನಿಂತಿದ್ದ. ವಾಲ್ಟರ್ ಒಪ್ಪಿ ಹಣ ಹಾಕಿದರೆ ಅಲ್ಲಿ ಹೋಟೆಲು ಏಳುತ್ತದೆ, ಅವನಿಗೆ ಪೌರತ್ವವೂ ಸಿಗುತ್ತದೆ.

ಜಾಗದ ನಡುವೆ ಒಂದು ದೀವಿಹಲಸಿನ ಮರ. ಮಗು ಹುಟ್ಟಿದರೆ ಹೊಕ್ಕುಳಬಳ್ಳಿಯನ್ನು ಮರದ ಬುಡದಲ್ಲಿ ಹೂಳುವುದು ಅಲ್ಲಿಯವರ ಪದ್ಧತಿ. ವರ್ಲಿನಾಳ ಮಗಳು ಜೋಸೆಟ್‌ಳದ್ದು ಇದೇ ಮರದಡಿ ಇತ್ತು. ಚಂಡಮಾರುತದ ವರ್ಷ ಹೊಳೆ ಹುಡುಗಿಯನ್ನು ಎಳೆದುಕೊಂಡು ಹೋಗಿತ್ತು. ಅಂದಿನಿಂದ ಪ್ರತಿ ಭಾನುವಾರ ವರ್ಲಿನಾ ಇಲ್ಲಿ ಬಂದು ಸುಮ್ಮನೆ ಕೂರುತ್ತಾಳೆ. ಅಳು ಬರುವುದು ಎಂದೋ ನಿಂತುಹೋಗಿದೆ.

ವಾಲ್ಟರನನ್ನು ಆ ಮರದಡಿಗೆ ಕರೆತಂದಾಗ, ವಿಷಯ ಹೇಳಿಬಿಟ್ಟರೆ ಇವನು ಹಿಂದೆ ಸರಿಯುತ್ತಾನೆ ಅಂದುಕೊಂಡಳು. ಊರಿನವರಾಗಿದ್ದರೆ ಅಷ್ಟು ಸಾಕಿತ್ತು. ಸತ್ತ ಮಗುವಿನ ಬಳ್ಳಿ ಇರುವ ನೆಲಕ್ಕೆ ಯಾರೂ ಕೈ ಹಾಕುವುದಿಲ್ಲ.

"ನನ್ನ ಮಗಳ ಹೊಕ್ಕುಳಬಳ್ಳಿ ಇಲ್ಲಿದೆ ಸಾರ್," ಎಂದಳು. "ಅವಳ ಹೆಣಾನೂ ಸಿಗ್ಲಿಲ್ಲ. ನನಗೆ ಉಳಿದಿರೋದು ಇಷ್ಟೇ."

ವಾಲ್ಟರ್ ಟೋಪಿ ತೆಗೆದ. ಅವನ ಕಣ್ಣು ಒದ್ದೆಯಾಯಿತು. ಅಲ್ಲಿಂದಲೇ ಜಾಗದ ಏಜೆಂಟನಿಗೆ ಫೋನು ಮಾಡಿದ. ಇಷ್ಟು ದಿನ ನೋಡಿದ್ದೆಲ್ಲ ಬರೀ ಮಣ್ಣು, ಇಲ್ಲಿ ಜೀವ ಇದೆ, ಇದೇ ಆಗಲಿ ಎಂದ. ಮರ ಕಡಿಯಕೂಡದು, ಸುತ್ತ ಕಟ್ಟೆ ಕಟ್ಟಿಸಿ ಈ ಕತೆಯನ್ನು ಒಂದು ಫಲಕದಲ್ಲಿ ಬರೆಸಬೇಕು ಎಂದೂ ಹೇಳಿದ.

ವರ್ಲಿನಾಳಿಗೆ ಕೋಪ ಬರಬೇಕಿತ್ತು. ಬರಲಿಲ್ಲ.

"ನೀವೇನೂ ಚಿಂತೆ ಮಾಡ್ಬೇಡಿ," ವಾಲ್ಟರ್ ಅವಳ ಕೈ ಹಿಡಿದುಕೊಂಡ. "ಯಾವಾಗ ಬೇಕಾದ್ರೂ ಬನ್ನಿ, ಯಾರೂ ತಡೆಯಲ್ಲ. ಹೋಟೆಲಿನ ಗೇಟಲ್ಲಿ ಬರೆಸಿಡ್ತೀನಿ. ನಿಮ್ಮ ಪೂರ್ತಿ ಹೆಸರು ಹೇಳಿ."

ಅವನು ಜೇಬಿನಿಂದ ಪೆನ್ನು ತೆಗೆದ. ವರ್ಲಿನಾ ತನ್ನ ಹೆಸರನ್ನು ಒಂದೊಂದೇ ಅಕ್ಷರವಾಗಿ ಬಿಡಿಸಿ ಹೇಳಿದಳು.