ಕೆಂಚನ ಕೊಳ್ಳಾಗಿನ ಪಟ್ಟಿ

ಗೆಳ್ಯಾರ, ಇವತ್ತ ಮುಂಜಾನಿ ನಮ್ಮ ಎತ್ತು ಕೆಂಚ ನೀರು ಕುಡಿಲಿಲ್ರಿ. ನೀರಿನ ದೋಣಿಗೆ ಬಾಯಿ ಹಚ್ಚತಾನ, ತಟಕ್ನ ತಲಿ ಎತ್ತತಾನ.

"ಗಂಟಲಾಗ ಏನೋ ಸಿಕ್ಕೈತಿ. ದನದ ಡಾಕ್ಟರಿಗೆ ಫೋನ್ ಹಚ್ಚಬೇ" ಅಂದ ಅಪ್ಪ.

ನಾನು ಫೋನ್ ತಗೀಲಿಲ್ಲ, ಕೆಂಚನ ಕೊಳ್ಳು ನೋಡಿದೆ. ಯಾಕಂದ್ರ ಕೆಂಚನ ಕೊಳ್ಳಾಗಿನ ಗಂಟಿ ಪಟ್ಟಿ ನಿನ್ನೆ ಸಂಜಿಕ ನಾನ ಮಾಡಿ ಹಾಕಿದ್ದು. ಮೊಬೈಲ್ ನೋಡಿ ಕಲ್ತ ಮೊದಲನೇ ಚರ್ಮದ ಕೆಲಸ. ಚರ್ಮ ಮನಿಯೊಳಗ ತರಬ್ಯಾಡ ಅಂತ ಅವ್ವ ಬೈದಿದ್ದಕ್ಕ ಕೆಂಚನ ಬಾಜುನ ಕುಂತು ಹೊಲದಿದ್ದೆ. ಅಂವ ತಲಿ ಎತ್ತಿ ಮೆಲಕು ಹಾಕೂಮುಂದ ಅಳತಿ ತಗೊಂಡಿದ್ದೆ. ತಲಿ ಬಗ್ಗಿಸಿದ್ರ ಬಿಗಿತೈತಿ ಅನ್ನೂದು ಹೊಳಿಲೇ ಇಲ್ಲ.

"ಅಪ್ಪಾ, ಪಟ್ಟಿ ಬಿಗಿ ಆಗೇತಿ."

"ಹಂಗಾದ್ರ ಬಿಚ್ಚು. ಬಕಲ್ ಎಲ್ಲೈತಿ?"

"ಬಕಲ್ ಹಚ್ಚಾಕ ಬರಲಿಲ್ಲ. ಕೊಳ್ಳಿಗೆ ಸುತ್ತಿ ಎರಡೂ ತುದಿ ಕೂಡಿಸಿ ಹೊಲದೀನಿ."

ಅಪ್ಪ ನನ್ನ ಮಾರಿ ನೋಡಿದ. ಪಟ್ಟಿ ಕೆಳಗ ಬೆರಳು ತೂರಿಸಿ, ಹೊಲಿಗಿಗೆ ಕುಡಗೋಲು ಹಚ್ಚಿದ. ಹರೀಲಿಲ್ಲ. ಕೆಂಚ ತಲಿ ಝಾಡಿಸಿದಂಗೆಲ್ಲ ನಾನು ಮೂಗುದಾರ ಇನ್ನಷ್ಟು ಬಿಗಿ ಹಿಡದೆ. ಕುಡಗೋಲು ಜಾರಿದ್ರ? ಕಡೀಗೆ ಚರ್ಮಾನೇ ಕೊಯ್ಯಬೇಕಾತು. ಗಂಟಿ ಠಣ್ ಅಂತ ಬಿತ್ತು. ಕೆಂಚ ದೋಣಿ ಖಾಲಿ ಮಾಡೇ ತಲಿ ಎತ್ತಿದ.

ಅಪ್ಪ ತುಂಡಾದ ಪಟ್ಟಿ ಹೊಳ್ಳಿಸಿ ಹೊಳ್ಳಿಸಿ ನೋಡಿ, "ಹೊಲಿಗಿ ಮಾತ್ರ ಅಗದಿ ಗಟ್ಟಿ ಹಾಕೀದಿ ನೋಡವ್ವಾ" ಅಂದ.

ಈಗ ಮೇವು ಹಾಕಾಕ ಹೋಗಿದ್ದೆ. ಕೆಂಚ ಮೇವು ನೋಡಲಿಲ್ರಿ. ಮೊದಲ ನನ್ನ ಕೈ ನೋಡಿದ, ಸೂಜಿ ಐತೇನು ಅಂತ.